ಉದ್ದ ಕಣ್ಣಿನ ಅಳತೆ

ನನ್ನ ಕಣ್ಣು ಎಷ್ಟು ಉದ್ದ ಎಂದು ತಿಳಿಯಲು ನನಗೆ ಇಪ್ಪತ್ತೆಂಟು ವರ್ಷ ಬೇಕಾಯಿತು. ಆಮೇಲೆ ಅದನ್ನು ಸರಿಯಾಗಿ ಅಳೆಯಲು ಬಿಡದೆ ಎಲ್ಲರನ್ನೂ ಸತಾಯಿಸಿದವನೂ ನಾನೇ. ಇದನ್ನು ಹೇಳಿಕೊಳ್ಳುವುದು ಮರ್ಯಾದೆಯ ಕೆಲಸವೇನಲ್ಲ. ಆದರೆ ಸೋಡಾ ಬಾಟಲಿಯ ತಳದಂಥ ಕನ್ನಡಕ ಹಾಕಿಕೊಂಡು, ಕಣ್ಣಾಸ್ಪತ್ರೆಯ ಬೆಂಚಿನಲ್ಲಿ ಟೋಕನ್ ಹಿಡಿದು, ‘ನನಗೊಬ್ಬನಿಗೇ ಹೀಗೆ’ ಎಂದುಕೊಳ್ಳುವವರು ಇನ್ನೂ ಇದ್ದಾರು. ಇಲ್ಲ ಮಾರಾಯರೇ, ನೀವೊಬ್ಬರೇ ಅಲ್ಲ. ಸ್ವಲ್ಪ ಆಚೆ ಸರಿಯಿರಿ, ನಾನೂ ಕೂರುತ್ತೇನೆ.

ನನ್ನದು ಮೈನಸ್ ಇಪ್ಪತ್ತು. ಕನ್ನಡಕ ಹಾಕಿದರೆ ನನ್ನ ಕಣ್ಣುಗಳು ಎರಡು ಸಾಸಿವೆ ಕಾಳು. ತೆಗೆದರೆ ಜಗತ್ತೇ ಸಾಸಿವೆ ಒಗ್ಗರಣೆಯ ಹೊಗೆ. ಅದೂ ಲೆಕ್ಕಕ್ಕೆ ಒಂದೇ ಕಣ್ಣು. ಎಡಗಣ್ಣಿನ ಒಳಪರದೆ ಹದಿನಾರನೇ ವಯಸ್ಸಿಗೇ ಹರಿದಿತ್ತು. ಮಂಗಳೂರಿನಲ್ಲಿ ಎರಡು ಸಲ ಹೊಲಿಗೆ ತೇಪೆ ಎಲ್ಲ ಆದಮೇಲೆ ಅದಕ್ಕೆ ಉಳಿದದ್ದು ದೀಪ ಉರಿಯುತ್ತಿದೆಯೋ ಆರಿದೆಯೋ ಎಂಬಷ್ಟು ತಿಳಿವಳಿಕೆ ಮಾತ್ರ. ಹೀಗಾಗಿ ಮನುಷ್ಯರನ್ನು ನಾನು ಕಿವಿಯಿಂದ ಗುರುತು ಹಿಡಿಯುತ್ತ ಬೆಳೆದೆ. ಯಾರು ಹೇಗೆ ಕೆಮ್ಮುತ್ತಾರೆ, ಯಾರು ಮಾತಿನ ಕೊನೆಗೆ ಮೂಗೆಳೆಯುತ್ತಾರೆ, ಎಲ್ಲ ಬಾಯಿಪಾಠ. ಅದನ್ನೇ ತಿರುಗಿಸಿ ಮಾಡಿ ತೋರಿಸಿದಾಗ ಜನ ನಕ್ಕರು. ನಕ್ಕವರು ‘ಮಿಮಿಕ್ರಿ ದಿನೇಶ’ ಎಂದು ಹೆಸರಿಟ್ಟರು. ಕುರುಡ ದಿನೇಶ ಎನ್ನುವುದಕ್ಕಿಂತ ವಾಸಿ.

ಏಷ್ಯನ್ ಗೇಮ್ಸ್ ಮುಗಿದು ದೋಹಾದ ಬೀದಿಗಳನ್ನೆಲ್ಲ ಮತ್ತೆ ಅಗೆಯತೊಡಗಿದ್ದ ಕಾಲ. ನಾನು ಒಂದು ಕಂಟ್ರಾಕ್ಟರ್ ಆಫೀಸಿನಲ್ಲಿ ನಕ್ಷೆ ಎಳೆಯುವ ಡ್ರಾಫ್ಟ್ಸ್‌ಮನ್. ಊರಂಚಿನ ಐನ್ ಖಾಲಿದ್‌ನಲ್ಲಿ ಅಕ್ಕ ವಿಜಯಾ, ಸುಧಾಕರ ಭಾವ ಮತ್ತು ಅವರ ಏಳು ವರ್ಷದ ಮಗಳು ಶ್ರೇಯಾಳ ಜೊತೆ ವಾಸ. ಕಂಪ್ಯೂಟರಿನಲ್ಲಿ ಎಳೆದ ಒಂದು ಗೆರೆ ಎರಡಾಗಿ ಕಾಣತೊಡಗಿದಾಗ ಮಾನಿಟರ್ ಹಾಳಾಗಿದೆಯೆಂದು ದೂರು ಕೊಟ್ಟೆ. ಹೊಸ ಮಾನಿಟರ್ ಬಂತು. ಗೆರೆ ಮೂರಾಯಿತು.

ಒಳ್ಳೆಯ ಕಣ್ಣಿಗೆ ಪೊರೆ ಬಂದಿತ್ತು. ಅಜ್ಜಂದಿರಿಗೆ ಬರುವ ಪೊರೆ. ತುಂಬಾ ಮೈನಸ್ ಇದ್ದವರಿಗೆ ಇದು ಬೇಗ ಬರುವುದುಂಟು ಎಂದರು ಮೊದಲ ಕ್ಲಿನಿಕ್ಕಿನ ಡಾಕ್ಟರು. ಪೊರೆ ತೆಗೆದು ಒಳಗೊಂದು ಲೆನ್ಸ್ ಇಡಬೇಕು. ಯಾವ ಪವರಿನದು ಎಂದು ಲೆಕ್ಕ ಹಾಕಲು ಕಣ್ಣು ಎದುರಿನಿಂದ ಹಿಂಗೋಡೆಯವರೆಗೆ ಎಷ್ಟು ಉದ್ದವಿದೆ ಎಂದು ತಿಳಿಯಬೇಕು. ಹನಿ ಹಾಕಿ ಮರಗಟ್ಟಿಸಿ, ಪೆನ್ಸಿಲ್ಲಿನಂಥ ಒಂದು ಕಡ್ಡಿಯನ್ನು ನೇರ ಕಣ್ಣಿಗೇ ಮುಟ್ಟಿಸಿದರು. ಶಬ್ದದ ಅಲೆ ಒಳಗೆ ಹೋಗಿ ಗೋಡೆಗೆ ಬಡಿದು ವಾಪಸು ಬರುತ್ತದಂತೆ. ಒಮ್ಮೆ ಇಪ್ಪತ್ತೊಂಬತ್ತು ಮಿಲಿಮೀಟರ್ ಬಂತು. ಮತ್ತೊಮ್ಮೆ ಮೂವತ್ತೆರಡು.

“ಎಂತ ಡಾಕ್ಟ್ರೇ ಇದು, ಬಟ್ಟೆ ಅಂಗಡಿಯ ಅಳತೆಯಾ?” ಎಂದ ಭಾವ. “ಎಳೆದ್ರೆ ಉದ್ದ, ಬಿಟ್ರೆ ಗಿಡ್ಡ?”

ಡಾಕ್ಟರು ಪ್ರಾಮಾಣಿಕರು. ನನ್ನ ಕಣ್ಣಿನ ಹಿಂಗೋಡೆ ಹಳೆಯ ಚೀಲದಂತೆ ಜೋತು ಬಿದ್ದಿದೆ, ಅಲೆ ಒಮ್ಮೆ ಚೀಲದ ತಳಕ್ಕೆ, ಒಮ್ಮೆ ಅಂಚಿಗೆ ಬಡಿಯುತ್ತಿದೆ, ಇದನ್ನು ನಂಬಿ ಲೆನ್ಸ್ ಇಡಲಾರೆ ಎಂದರು. ದೊಡ್ಡ ಆಸ್ಪತ್ರೆಯಲ್ಲಿ ಲೇಸರಿನಿಂದ ಅಳೆಯುವ ಯಂತ್ರ ಬಂದಿದೆ, ನೀನು ಎಲ್ಲಿ ನೋಡುತ್ತೀಯೋ ಅಲ್ಲಿಗೇ ಅದು ಅಳೆಯುತ್ತದೆ, ಹೋಗು ಎಂದು ಚೀಟಿ ಕೊಟ್ಟರು. ತಪ್ಪು ಲೆನ್ಸ್ ಇಟ್ಟರೆ ತೆಗೆದು ಬೇರೆ ಇಡಬಹುದಲ್ಲ ಎಂದು ಕೇಳಿದೆ. “ಇಂಥ ಕಣ್ಣನ್ನು ಎರಡೆರಡು ಸಲ ತೆರೆಯಬಾರದು. ಒಳಪರದೆ ಕಾಗದದಷ್ಟು ತೆಳು. ಆ ಕಣ್ಣಿನಲ್ಲಿ ಏನಾಯಿತೆಂದು ನಿನಗೇ ಗೊತ್ತು” ಎಂದು ಎಡಗಣ್ಣಿನತ್ತ ಬೆರಳು ತೋರಿಸಿದರು.

ಕಾರಿನಲ್ಲಿ ನಾನು ಭಾವನಿಗೆ ಡಾಕ್ಟರ ದನಿಯಲ್ಲಿ, “ನಿಮ್ಮ ಭಾವಮೈದುನನ ಬುದ್ಧಿಯನ್ನೂ ಅಳೆದೆವು, ಅದು ಎರಡು ಸಲವೂ ಸೊನ್ನೆ ಬಂತು” ಎಂದೆ. ಅವನು ನಗಲಿಲ್ಲ. ಆಗ ನನಗೆ ಮೊದಲ ಬಾರಿ ಹೆದರಿಕೆಯಾಯಿತು.

ದೊಡ್ಡ ಆಸ್ಪತ್ರೆಯಲ್ಲಿ ಅಪಾಯಿಂಟ್‌ಮೆಂಟಿನ ಜೊತೆ ಒಂದು ಹಾಳೆ ಕೊಟ್ಟಿದ್ದರು. ಗಟ್ಟಿ ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಅಳತೆಗೆ ಮುಂಚೆ ನಾಲ್ಕು ವಾರ ಅದನ್ನು ಮುಟ್ಟಬಾರದು ಎಂದು ಅದರಲ್ಲಿತ್ತು. ನಾನು ಹಾಕುತ್ತಿದ್ದೆ. ಕನ್ನಡಕದಲ್ಲಿ ಕಾಣದ ಗೆರೆ ಅದರಲ್ಲಿ ಅಷ್ಟಿಷ್ಟು ಕಾಣುತ್ತಿತ್ತು. ಕಣ್ಣು ಕಾಣದ ಡ್ರಾಫ್ಟ್ಸ್‌ಮನ್ ಎಂದು ಆಫೀಸಿಗೆ ಗೊತ್ತಾದರೆ ವೀಸಾ ಖಲಾಸ್. ಹೀಗೆಂದರೆ ನೀವು ಪಾಪ ಎನ್ನುತ್ತೀರಿ. ಅದು ಅರ್ಧ ಸತ್ಯ. ಇನ್ನರ್ಧ ಕೇಳಿ: ಆ ತಿಂಗಳು ಕನ್ನಡದವರ ಸಂಘದ ವಾರ್ಷಿಕೋತ್ಸವ ಇತ್ತು. ಶುಕ್ರವಾರ ಸಂಜೆ ನನ್ನ ಮಿಮಿಕ್ರಿಗೆ ಇಪ್ಪತ್ತು ನಿಮಿಷ. ಆ ಸಾಸಿವೆ ಕಣ್ಣಿನ ಕನ್ನಡಕ ಹಾಕಿ ವೇದಿಕೆ ಹತ್ತಿದರೆ ನಾನು ಬಾಯಿ ತೆರೆಯುವ ಮುಂಚೆಯೇ ಜನ ನಗುತ್ತಾರೆ. ಅಂಥ ನಗು ನನಗೆ ಬೇಡವಾಗಿತ್ತು. ನಾನು ಎಲ್ಲರನ್ನೂ ಆಡಿಕೊಳ್ಳಬಹುದು, ಆದರೆ ಟಿಕೆಟ್ಟಿಲ್ಲದೆ ಯಾರೂ ನನ್ನನ್ನು ಆಡಿಕೊಳ್ಳಬಾರದು!

ಅಳತೆಯ ಕೋಣೆಯಲ್ಲಿ ಮಬ್ಬು ಬೆಳಕು. ಯಂತ್ರದ ಹಿಂದೆ ಬಿಳಿ ಕೋಟಿನ ಮೇಲೊಂದು ಗೋಧಿ ಬಣ್ಣದ ಮಸುಕು. ಮಸುಕು ನನ್ನ ಫೈಲ್ ಓದಿ ಕನ್ನಡದಲ್ಲಿ ಮಾತಾಡಿತು.

“ಪುತ್ತೂರಾ? ನಾನು ಕಾಸರಗೋಡು. ಸುಮತಿ ಸಿಸ್ಟರ್ ಅಂತ ಹೇಳ್ತಾರೆ. ಗಲ್ಲ ಇಲ್ಲಿ ಇಡು. ಹಣೆ ಮುಂದೆ. ಕೆಂಪು ಚುಕ್ಕೆ ಕಾಣ್ತದಾ?”

“ಕಾಣ್ತದೆ ಸಿಸ್ಟರ್. ಬಸ್ಸಿನ ಹಿಂದಿನ ಲೈಟಿನ ಹಾಗೆ.”

“ಬಸ್ಸಿಗೆ ಆಮೇಲೆ ಹೋಗುವಾ. ಈಗ ಅದನ್ನೇ ನೋಡು. ಮಾತಾಡ್ಬೇಡ.”

“ಆಯ್ತು ಸಿಸ್ಟರ್.”

“ಮಾತಾಡ್ಬೇಡ ಅಂದ್ರೆ ‘ಆಯ್ತು’ ಅಂತ ಸಹ ಹೇಳ್ಲಿಕ್ಕಿಲ್ಲ.”

ಏನೂ ಮುಟ್ಟಲಿಲ್ಲ, ಏನೂ ಚುಚ್ಚಲಿಲ್ಲ. ಕೆಂಪು ಚುಕ್ಕೆ, ಒಂದು ಕಿರು ಸದ್ದು, ಮುಗಿಯಿತು. ಐದು ಸಲ ತೆಗೆದರು. ಐದೂ ಸಲ ಮೂವತ್ತೊಂದು ಚಿಲ್ಲರೆ ಮಿಲಿಮೀಟರ್, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಸಾಮಾನ್ಯರದು ಇಪ್ಪತ್ಮೂರೋ ಇಪ್ಪತ್ನಾಲ್ಕೋ ಇರುತ್ತದಂತೆ. ಕಣ್ಣಿನ ಪೊರೆ ದಪ್ಪವಾದವರಲ್ಲಿ ಬೆಳಕು ದಾಟದೆ ಯಂತ್ರ ಕೈಚೆಲ್ಲುವುದೂ ಉಂಟಂತೆ, ನನ್ನದರಲ್ಲಿ ದಾಟಿತ್ತು. ನನಗೆ ಖುಷಿಯಾಗಿ, ಬಾಗಿಲ ಹೊರಗಿದ್ದ ಭಾವನಿಗೆ ಕೇಳುವಂತೆ, “ನಿನಗಿಂತ ಏಳು ಮಿಲಿಮೀಟರ್ ದೂರದೃಷ್ಟಿ ನನಗೆ” ಎಂದು ಕೊಚ್ಚಿಕೊಂಡೆ.

ಖುಷಿಯಾಗದೆ ಇದ್ದವರು ಸಿಸ್ಟರ್ ಒಬ್ಬರೇ. ಯಂತ್ರ ಉದ್ದದ ಜೊತೆಗೆ ಕಣ್ಣಿನ ಮುಂಭಾಗದ ಉಬ್ಬನ್ನೂ ಅಳೆಯುತ್ತದೆ. ಅದೂ ಲೆಕ್ಕಕ್ಕೆ ಬೇಕು. ಆ ಅಂಕಿ ಮಾತ್ರ ಹೊಯ್ದಾಡುತ್ತಿತ್ತು.

“ಕಾಂಟ್ಯಾಕ್ಟ್ ಲೆನ್ಸ್ ಹಾಕ್ಲಿಕ್ಕುಂಟಾ?”

“ಮೊದ್ಲು ಇತ್ತು ಸಿಸ್ಟರ್. ಬಿಟ್ಟು ಒಂದು ತಿಂಗ್ಳಾಯ್ತು.”

ಸತ್ಯವೇನೆಂದರೆ ಅದನ್ನು ಬಿಟ್ಟು ಒಂದು ಗಂಟೆಯಾಗಿತ್ತು. ಆಗಲೂ ಅದು ನನ್ನ ಶರ್ಟಿನ ಜೇಬಿನಲ್ಲಿ, ಅದರ ಪುಟ್ಟ ಡಬ್ಬಿಯಲ್ಲಿ, ಎದೆಗೆ ಆತುಕೊಂಡಿತ್ತು.

ಮುಂದಿನ ವಾರ ಬರಲು ಹೇಳಿದರು. ಉದ್ದ ಅದೇ ಮೂವತ್ತೊಂದು. ಉಬ್ಬು ಬೇರೆ. ನಡುವೆ ಶುಕ್ರವಾರ ಬಂತು. ನಾನು ಲೆನ್ಸ್ ಹಾಕಿ ವೇದಿಕೆಯಲ್ಲಿ ಸಂಘದ ಅಧ್ಯಕ್ಷರಾದೆ, ಲಿಮೋಸಿನ್ ಡ್ರೈವರಾದೆ, ಸೂಪರ್ ಮಾರ್ಕೆಟಿನ ಮಲಯಾಳಿ ಕ್ಯಾಷಿಯರಾದೆ. ಚಪ್ಪಾಳೆ ಬಿತ್ತು. ಮೂರನೇ ಭೇಟಿಗೆ ಉಬ್ಬಿನ ಅಂಕಿ ಇನ್ನೂ ಎಲ್ಲಿಗೋ ಓಡಿತ್ತು.

ಆ ಮೂರನೇ ದಿನ ಕಾಯುವ ಬೆಂಚು ತುಂಬಿತ್ತು. ಮುಐದರ್‌ನಿಂದ ಬಂದ ಉಡುಪಿ ಕಡೆಯ ಒಬ್ಬ ಎಲೆಕ್ಟ್ರಿಷಿಯನ್ ತನ್ನ ತಾಯಿಯ ಜೊತೆ ಕೂತಿದ್ದ. ಅವರಿಬ್ಬರೂ ಹೆದರಿದ್ದರು. ಅವರನ್ನು ನಗಿಸೋಣ ಎಂದು ನಾನು ಸುಮತಿ ಸಿಸ್ಟರ್ ಆದೆ. “ಗಲ್ಲ ಇಲ್ಲಿ ಇಡು. ಬಸ್ಸಿಗೆ ಆಮೇಲೆ ಹೋಗುವಾ. ಉಸಿರು ಸಹ ಬಿಡ್ಲಿಕ್ಕಿಲ್ಲ, ಉಸಿರಿಗೆ ಬೇರೆ ಟೋಕನ್ ಉಂಟು!” ಮುದುಕಿ ಸೆರಗು ಬಾಯಿಗಿಟ್ಟು ನಕ್ಕರು. ಎಲೆಕ್ಟ್ರಿಷಿಯನ್ ಮಾತ್ರ ಸಟ್ಟನೆ ನಗು ನಿಲ್ಲಿಸಿದ. ಮಸುಕು ಬಾಗಿಲಲ್ಲಿ ನಿಂತಿತ್ತು.

“ಬಾ ಒಳಗೆ” ಎಂದಿತು.

ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಒಳಗೆ ಡಾಕ್ಟರೂ ಇದ್ದರು. ಸುಡಾನಿನವರು, ಪಿಸುದನಿಯವರು. ಆ ದಿನ ಆ ಪಿಸುದನಿಯಲ್ಲೇ ಬಿಸಿ ಇತ್ತು. ಮೂರು ವಾರದ ಮೂರು ಹಾಳೆ ಮೇಜಿನ ಮೇಲಿಟ್ಟು ಇಂಗ್ಲಿಷಿನಲ್ಲಿ, ಇದು ಯಂತ್ರದ ದೋಷವೋ ಅಳೆಯುವವರ ದೋಷವೋ ಎಂದು ಸಿಸ್ಟರನ್ನು ಕೇಳಿದರು. ಕಂಪೆನಿಯ ಎಂಜಿನಿಯರ್ ನಿನ್ನೆ ಬಂದು ಯಂತ್ರ ನೋಡಿದ್ದಾನೆ, ಅದು ಸರಿ ಇದೆ ಎಂದರು ಸಿಸ್ಟರ್. “ಹಾಗಾದರೆ ಉಳಿದದ್ದು ನೀವು” ಎಂದರು ಡಾಕ್ಟರು. ಸೋಮವಾರ ಆಪರೇಷನ್ನಿಗೆ ಸಮಯ ಗೊತ್ತಾಗಿತ್ತು. ಮೂರರ ಸರಾಸರಿ ತೆಗೆದು ಲೆನ್ಸ್ ತರಿಸೋಣ ಎಂದು ಹೇಳಿ ಹೊರಗೆ ಹೋದರು.

ಕೋಣೆಯಲ್ಲಿ ನಾವಿಬ್ಬರೇ. ಸಿಸ್ಟರ್ ಯಂತ್ರದ ಗಲ್ಲದ ಪಟ್ಟಿಯನ್ನು ಸ್ಪಿರಿಟ್ಟಿನಿಂದ ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು.

“ಎಲ್ಲಿ ತಪ್ಪಿದೆ ಅಂತ ನನಗೆ ಗೊತ್ತಾಗುವುದಿಲ್ಲ ಮಾರಾಯ. ಇನ್ನೊಂದು ಸಲ ಕೂತ್ಕೊ ಆಯ್ತಾ? ಈ ಸಲ ನಾನೇ ಇನ್ನೂ ಸ್ವಲ್ಪ ನಿಧಾನ ಮಾಡ್ತೇನೆ” ಎಂದರು.

ನಾನು ನೂರು ಜನರ ದನಿಯನ್ನು ಬಲ್ಲೆ. ತಾನು ಮಾಡದ ತಪ್ಪನ್ನು ಹುಡುಕುತ್ತಿರುವವರ ದನಿ ಹೇಗಿರುತ್ತದೆಂದು ಆ ದಿನ ಕೇಳಿದೆ. ಅದನ್ನು ಇವತ್ತಿಗೂ ಯಾರೆದುರೂ ಮಾಡಿ ತೋರಿಸಿಲ್ಲ. ಜೇಬಿನಿಂದ ಡಬ್ಬಿ ತೆಗೆದು ಅವರ ಮೇಜಿನ ಮೇಲಿಟ್ಟೆ.

“ಇದು ಎಂತ?”

“ಲೆನ್ಸ್. ಇವತ್ತು ಬೆಳಿಗ್ಗೆ ಸಹ ಹಾಕಿದ್ದೆ. ದಿನಾ ಹಾಕ್ತಿದ್ದೆ ಸಿಸ್ಟರ್.”

ಡಬ್ಬಿಯ ಮುಚ್ಚಳ ತೆರೆದ ಸದ್ದಾಯಿತು, ಮುಚ್ಚಿದ ಸದ್ದಾಯಿತು.

“ಡಾಕ್ಟ್ರು ನನಗೆ ಬೈದದ್ದು ಹೋಗ್ಲಿ” ಎಂದರು ಕೊನೆಗೆ. “ಹೊರಗೆ ನನ್ನ ಹಾಗೆ ಮಾತಾಡಿದ್ದು ಸಹ ಹೋಗ್ಲಿ, ಅದು ಲಾಯ್ಕಿತ್ತು. ಆದ್ರೆ ಸೋಮವಾರ ಆ ಸರಾಸರಿ ಲೆನ್ಸ್ ಒಳಗೆ ಕೂತಿದ್ರೆ? ಗಟ್ಟಿ ಲೆನ್ಸ್ ಕಣ್ಣಿನ ಮುಖವನ್ನೇ ಒತ್ತಿ ಬೇರೆ ಮಾಡಿ ಇಡ್ತದೆ. ಆ ಮುಖವನ್ನು ನಾನು ಅಳೆದದ್ದು. ನಿನಗೆ ಇನ್ನೊಂದು ಕಣ್ಣು ಉಂಟಾ ದಿನೇಶ?”

ಸಿಸ್ಟರ್ ಎದ್ದು ಡಾಕ್ಟರ ಕೋಣೆಗೆ ಹೋದರು. ಬಂದು ಡಬ್ಬಿಯನ್ನು ನನ್ನ ಕೈಗಿತ್ತು, “ಆಪರೇಷನ್ ಮುಂದೆ ಹಾಕಿದ್ದಾರೆ. ಇನ್ನು ನಾಲ್ಕು ವಾರ ಕಣ್ಣಿಗೆ ಎಂತದೂ ಮುಟ್ಟಿಸ್ಲಿಕ್ಕಿಲ್ಲ. ಆಮೇಲೆ ಮೊದಲಿನಿಂದ ಅಳೆಯುವಾ” ಎಂದರು. ಡಾಕ್ಟರಿಗೆ ನನ್ನ ಬಗ್ಗೆ ಏನು ಹೇಳಿದರೋ ಕಾಣೆ. ಮುಂದೆ ಆ ಡಾಕ್ಟರು ನನ್ನ ಹತ್ತಿರ ಒಮ್ಮೆಯೂ ಅದನ್ನು ಎತ್ತಲಿಲ್ಲ.

ಮನೆಯಲ್ಲಿ ಹೇಳಿದಾಗ ಭಾವ ಕೂಗಾಡಿದ. “ಸ್ಟೇಜಿಗೆ ಹೋಗ್ಲಿಕ್ಕೆ ಕಣ್ಣು ಮಾರಿದ್ದಾ ನೀನು? ಚಪ್ಪಾಳೆ ತಟ್ಟಿದವರು ನಿನ್ನ ಕೈ ಹಿಡಿದು ನಡೆಸ್ತಾರಾ?” ಅಕ್ಕ ಲೆನ್ಸಿನ ಡಬ್ಬಿಯನ್ನು ನನ್ನ ಕೈಯಿಂದ ಕಿತ್ತು ದೇವರ ಕಪಾಟಿನಲ್ಲಿ ಗಣಪತಿಯ ಬೆನ್ನ ಹಿಂದೆ ಇಟ್ಟಳು. “ಬೇಕಾದ್ರೆ ಅವನ ಹತ್ರ ಕೇಳಿ ತೆಗಿ.” ನಾನು ಅವನ ಹತ್ತಿರ ಕೇಳುವ ಧೈರ್ಯ ಮಾಡಲಿಲ್ಲ. ಅವನ ಕಿವಿ ದೊಡ್ಡದು, ಎಲ್ಲ ಕೇಳಿಸಿಕೊಂಡಿದ್ದ.

ಆಫೀಸಿನಲ್ಲಿ ನನ್ನ ಮೇಲಿನವರು ಈಜಿಪ್ಟಿನ ಎಂಜಿನಿಯರ್ ಹಾಸಿಂ ಸಾಹೇಬರು. ಅವರಿಗೆ ಇದ್ದದ್ದು ಹೇಳಿದೆ. ಅವರು ನನ್ನ ಕನ್ನಡಕವನ್ನು ಕೇಳಿ ಪಡೆದು, ತಮ್ಮ ಮೂಗಿಗೇರಿಸಿ, “ಯಾ ಸಲಾಮ್!” ಎಂದು ಕುರ್ಚಿಯ ಹಿಡಿಕೆ ಹಿಡಿದುಕೊಂಡರು. “ಖಲಾಸ್, ಒಂದು ತಿಂಗಳು ಡ್ರಾಯಿಂಗ್ ಮಾಫಿ, ಬೇಡವೇ ಬೇಡ. ನಿನಗೆ ಬಾಯಿ ಇದೆಯಲ್ಲ? ಸಪ್ಲೈಯರುಗಳನ್ನು ಫೋನಿನಲ್ಲಿ ಹಿಡಿ.” ಹಿಡಿದೆ. ಹತ್ತು ದಿನ ಸತಾಯಿಸಿದ ಸಿಮೆಂಟ್ ಬ್ಲಾಕಿನವನಿಗೆ ಹಾಸಿಂ ಸಾಹೇಬರ ದನಿಯಲ್ಲೇ ‘ಯಲ್ಲಾ, ಯಲ್ಲಾ, ಬೇಗ ಕಳಿಸು’ ಎಂದು ಗುಡುಗಿದೆ. ಮಧ್ಯಾಹ್ನದೊಳಗೆ ಲಾರಿ ಬಂತು. ಸಾಹೇಬರಿಗೆ ಗೊತ್ತಾಯಿತು. ಮರುದಿನ ಅವರೇ ಇನ್ನೂ ನಾಲ್ಕು ನಂಬರು ಬರೆದುಕೊಟ್ಟರು, ನನಗೆ ಕಾಣುವಷ್ಟು ದೊಡ್ಡ ಅಕ್ಷರದಲ್ಲಿ, ಒಂದು ಹಾಳೆಗೆ ಒಂದು ನಂಬರು.

ನಾಲ್ಕು ವಾರ ಎನ್ನುವುದು ಬರೆಯಲು ಒಂದೇ ಸಾಲು. ಪೊರೆಯ ಕಣ್ಣಿಗೆ ಹಳೆಯ ಕನ್ನಡಕ ಹಾಕಿ ಆ ಬಿಸಿಲಿನಲ್ಲಿ ಹೊರಬಿದ್ದರೆ ಎದುರಿಗೆ ಬರೀ ಹಾಲು ಚೆಲ್ಲಿದ ಬಿಳುಪು. ಭಾವ ಮೂರು ದಿನ ಮಾತು ಬಿಟ್ಟಿದ್ದ. ಆದರೆ ಬೆಳಿಗ್ಗೆ ಕಾರು ನಿಲ್ಲಿಸಿ ನನ್ನ ಮೇಜಿನವರೆಗೂ ಬಂದು ಬಿಡುತ್ತಿದ್ದ. ಬೈಯುವವನು ಮೊಣಕೈ ಹಿಡಿಯುವುದು ಎಷ್ಟು ಮೆತ್ತಗೆ! ಶ್ರೇಯಾ ಅಂಗಡಿಗೆ ಕೈ ಹಿಡಿದು ಕರೆದೊಯ್ಯುತ್ತಿದ್ದಳು. “ಮಾಮ, ಸ್ಟೆಪ್ ಉಂಟು. ಟೂ ಸ್ಟೆಪ್. ಮಾಮ, ನಿನ್ನ ಐ ಲಾಂಗ್ ಅಂದ್ರೆ ಎಲಿಫೆಂಟ್ ಟ್ರಂಕ್ ಹಾಗೆ ಔಟ್‌ಸೈಡ್ ಬರ್ತದಾ?” ಒಳಗಡೆಗೆ ಉದ್ದ ಪುಟ್ಟಾ ಎಂದೆ. “ಒಳಗೆ ಎಲ್ಲಿ ತನಕ? ಬ್ರೈನ್ ತನಕ?” ಅಲ್ಲಿ ಜಾಗ ಖಾಲಿ ಇತ್ತಲ್ಲ, ಹಾಗಾಗಿ ಎಂದೆ.

ಒಮ್ಮೆ ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಬಲಗಣ್ಣು ಮುಚ್ಚಿ ನಿಂತೆ. ಹೀಗೆಯೇ ಆಗಿಹೋದರೆ ಹೇಗೆ ಎಂದು ನೋಡಲಿಕ್ಕೆ. ಹಲ್ಲುಜ್ಜುವ ಬ್ರಷ್ ಸಿಗಲಿಲ್ಲ, ನಲ್ಲಿ ಸಿಕ್ಕಿತು. ನೀರು ಬಿಟ್ಟು ಆ ಸದ್ದಿನಲ್ಲಿ ಅತ್ತೆ. ಹೊರಗೆ ಬಂದಾಗ ಅಕ್ಕ ಟವೆಲ್ ಕೊಟ್ಟಳು. ಇಂಥ ಸಣ್ಣ ದಯೆಗಳನ್ನು ನಾನು ಆ ತಿಂಗಳು ಗಮನಿಸಲು ಕಲಿತೆ. ಹಾಸ್ಯ ಮಾಡುವವನಿಗೆ ಅವು ಕಷ್ಟದ ಸಂಗತಿ. ತಿರುಗಿಸಿ ಕೊಡಲು ಏನೂ ತೋಚುವುದಿಲ್ಲ.

ನಾಲ್ಕು ವಾರ ಕಳೆದು ಮತ್ತೆ ಕೆಂಪು ಚುಕ್ಕೆ. ವಾರ ಬಿಟ್ಟು ಇನ್ನೊಮ್ಮೆ. ಎರಡನೇ ಹಾಳೆ ಹೊರಬಂದಾಗ ಸಿಸ್ಟರ್ ಎರಡನ್ನೂ ಪಕ್ಕಪಕ್ಕ ಹಿಡಿದು ಅಂಕಿ ಅಂಕಿ ತಾಳೆ ನೋಡಿದರು.

“ಸಿಸ್ಟರ್, ಮಾತಾಡ್ಬಹುದಾ?”

“ಮಾತಾಡು. ಎರಡೂ ಒಂದೇ ಉಂಟು. ಉದ್ದವೂ ಒಂದೇ, ಉಬ್ಬೂ ಒಂದೇ.”

ಆಪರೇಷನ್ ದಿನ ನನಗೆ ಪ್ರಜ್ಞೆ ತಪ್ಪಿಸಲಿಲ್ಲ. ಇಪ್ಪತ್ತು ನಿಮಿಷ ಬಾಯಿ ಮುಚ್ಚಿಕೊಂಡಿದ್ದೆ, ಹುಟ್ಟಿದ ಮೇಲೆ ಅದೇ ನನ್ನ ದಾಖಲೆ. ಮರುದಿನ ಡಾಕ್ಟರು ಪಟ್ಟಿ ಬಿಚ್ಚಿದರು. ನಾನು ಕಾಗದದ ಮೇಲೆ ಕೆಲಸ ಮಾಡುವವನಾದ್ದರಿಂದ ಹತ್ತಿರದ್ದು ಕನ್ನಡಕವಿಲ್ಲದೆ ಕಾಣುವಂತೆ ಲೆಕ್ಕ ಹಾಕಿದ್ದರು. ಲೆಕ್ಕ ತಪ್ಪಿರಲಿಲ್ಲ. ನನ್ನ ಅಂಗೈಯ ಗೆರೆಗಳು ಒಂದೊಂದೂ ಒಂದೊಂದೇ ಆಗಿದ್ದವು. ದೂರಕ್ಕೆ ಈಗ ತೆಳುವಾದ ಕನ್ನಡಕವಿದೆ. ಕಣ್ಣು ಮಾತ್ರ ಈಗಲೂ ಮೂವತ್ತೊಂದು ಮಿಲಿಮೀಟರೇ. ಲೆನ್ಸ್ ಬದಲಾದರೂ ಉದ್ದ ಕುಗ್ಗುವುದಿಲ್ಲ, ಒಳಪರದೆ ದಪ್ಪವಾಗುವುದಿಲ್ಲ. ಮಿಂಚು ಕಂಡರೆ, ಕಪ್ಪು ಚುಕ್ಕೆಗಳ ಮಳೆ ಬಿದ್ದರೆ, ಆ ಕ್ಷಣವೇ ಓಡಿ ಬರಬೇಕೆಂದು ಹೇಳಿದ್ದಾರೆ. ಆರು ತಿಂಗಳಿಗೊಮ್ಮೆ ಹೋಗುತ್ತೇನೆ. ಭಯ ಹೋಗಿಲ್ಲ, ಅದಕ್ಕೂ ಮನೆಯಲ್ಲಿ ಒಂದು ಕುರ್ಚಿ ಹಾಕಿದ್ದೇವೆ.

ಪಟ್ಟಿ ಬಿಚ್ಚಿದ ಆ ಬೆಳಿಗ್ಗೆಯೇ ಸಿಸ್ಟರ್ ಕೋಣೆಗೂ ಹೋಗಬೇಕಿತ್ತು. ಎರಡು ಅಡಿ ದೂರದಲ್ಲಿ ಕೂತರು. ಮಸುಕಿಗೆ ಮುಖವಿತ್ತು. ನಲವತ್ತು ದಾಟಿದ ಪುಟ್ಟ ಮುಖ. ಆ ಮುಖದ ಮೇಲೆ ಉಂಗುರ ಉಂಗುರವಾಗಿ ಹೊಳೆಯುವ ದಪ್ಪ ಗಾಜು, ಅದರ ಹಿಂದೆ ಎರಡು ಚಿಕ್ಕ ಕಣ್ಣು.

“ಸಿಸ್ಟರ್! ನಿಮ್ದೆಷ್ಟು?”

“ಮೈನಸ್ ಹದಿನಾರು. ಉದ್ದ ಇಪ್ಪತ್ತೊಂಬತ್ತು ಚಿಲ್ಲರೆ. ಮೆಷಿನ್ ಬಂದ ದಿನ ಟ್ರಯಲಿಗೆ ಯಾರಾದ್ರೂ ಕೂತ್ಕೊಳ್ಳಿ ಅಂದ್ರು. ನಾನೇ ಕೂತೆ.”

“ಪೊರೆ?”

“ಶುರುವಾಗಿ ಎರಡು ವರ್ಷ ಆಯ್ತು.”

“ಮತ್ತೆ ಆಪರೇಷನ್?”

ಅವರು ಮೇಜಿನ ಮೇಲಿನ ಪೆನ್ನುಗಳನ್ನು ಸಾಲಾಗಿ ಜೋಡಿಸಿದರು. “ದಿನಾ ಹತ್ತು ಜನಕ್ಕೆ ಹೆದರ್ಬೇಡಿ ಅಂತ ಹೇಳ್ತೇನೆ ಮಾರಾಯ. ನನಗೆ ಯಾರು ಹೇಳುವುದು?” ಆಮೇಲೆ ತಲೆ ಎತ್ತದೆ, “ಒಳಗೆ ಮಲಗಿದಾಗ ಎಂತ ಆಗ್ತದೆ? ತಮಾಷೆ ಬೇಡ, ಇದ್ದದ್ದು ಹೇಳು” ಎಂದರು.

ನಾಲಿಗೆಯ ತುದಿಗೆ ಹತ್ತು ತಮಾಷೆ ಬಂದಿದ್ದವು. ನುಂಗಿದೆ. ನೋವಾಗುವುದಿಲ್ಲ ಎಂದೆ. ಮುಖದ ಮೇಲೆ ಬಟ್ಟೆ ಹಾಕಿದಾಗ ಎದ್ದು ಓಡಬೇಕೆನಿಸುತ್ತದೆ ಎಂದೂ ಹೇಳಿದೆ. ಮೇಲೆ ಮೂರು ದೀಪ, ಆಮೇಲೆ ಅವು ಕರಗಿ ನೀಲಿ, ಗುಲಾಬಿ. ನೀರು ಹರಿಯುವ ಸದ್ದು. ಪೊರೆ ತೆಗೆದ ಮೇಲೆ ಒಂದು ಗಳಿಗೆ ಏನೂ ಆಕಾರವೇ ಇರುವುದಿಲ್ಲ. ಆಗ ನಾನು ಬಹಳ ಹೆದರಿದೆ, ಇಷ್ಟೇ ಇನ್ನು ಎಂದುಕೊಂಡೆ. ಯಾರೋ ಒಬ್ಬ ನರ್ಸು ಕೇಳದೆಯೇ ನನ್ನ ಕೈ ಹಿಡಿದರು. ನಾನೇ ಬಿಡುವವರೆಗೂ ಹಿಡಿದೇ ಇದ್ದರು. ಆಮೇಲೆ ಲೆನ್ಸ್ ಒಳಗೆ ಬಿಚ್ಚಿಕೊಂಡಿತು, ದೀಪಗಳು ಮತ್ತೆ ಮೂರಾದವು.

“ಕೈ ಹಿಡೀತಾರಾ?” ಎಂದರು ಸಿಸ್ಟರ್.

“ಹಿಡೀತಾರೆ. ಹಿಡಿಯದಿದ್ರೆ ಹೊರಗೆ ನಾನಿರ್ತೇನೆ, ಕೂಗಿ.”

ಹೊರಗೆ ಮುಂದಿನ ಟೋಕನ್ನಿನವರು ಬಾಗಿಲು ತಟ್ಟಿದರು. ಸಿಸ್ಟರ್ ಕನ್ನಡಕ ತೆಗೆದು ಕೋಟಿನ ಅಂಚಿನಿಂದ ಒರೆಸಿದರು. ಗಾಜಿಲ್ಲದ ಅವರ ಕಣ್ಣು ದೊಡ್ಡದಿತ್ತು, ಚೆಂದವಿತ್ತು.

“ಡಾಕ್ಟ್ರ ಹತ್ರ ನಾಳೆ ಹೇಳ್ತೇನೆ” ಎಂದರು.

“ಅವರು ಪಕ್ಕದ ಕೋಣೆಯಲ್ಲೇ ಇದ್ದಾರೆ ಸಿಸ್ಟರ್. ಈಗ ತಾನೇ ನೋಡಿ ಬಂದೆ.”

ಬಾಗಿಲು ಮತ್ತೆ ತಟ್ಟಿದರು. “ಒಂದೈದು ನಿಮಿಷ” ಎಂದು ಅತ್ತ ಕೂಗಿ ಹೇಳಿ, ಸಿಸ್ಟರ್ ಕನ್ನಡಕ ಹಾಕಿಕೊಂಡು ಎದ್ದರು.